ಮಕರಜ್ಯೋತಿ ಮನುಷ್ಯರೇ ಹಚ್ಚೋದು ಅಂತ ಗೊತ್ತಾದ್ಮೇಲೆ ಮಾಲೆ ಹಾಕೋದು ಹೆಂಗೆ? (ಅಪ್ಪಂಗೆ ಇದು 18ನೇ ವರ್ಷ)

ಕಲ್ಪತರು_ಹುಡುಗ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ ಆಮೇಲೆ ಬೈರಿ.

ನಮ್ದು ತಿಪಟೂರು ಕಡೆ, ತೆಂಗಿನ ತೋಟ, ಅಪ್ಪ ಕೊಬ್ಬರಿ ವ್ಯಾಪಾರಾನೂ ಮಾಡ್ತಾರೆ. ಈ ಸಲ ಅವರು ಶಬರಿಮಲೆಗೆ ಹೋಗ್ತಿರೋದು ಹದಿನೆಂಟನೇ ವರ್ಷ. ಹದಿನೆಂಟನೇ ಸಲ ಹೋಗೋರು ಇರುಮುಡಿ (ತಲೆ ಮೇಲೆ ಹೊರೋ ಪೂಜೆ ಗಂಟು) ಜೊತೆಗೆ ಒಂದು ತೆಂಗಿನ ಸಸಿ ತಗೊಂಡು ಹೋಗ್ತಾರೆ, ಗೊತ್ತಿರೋರಿಗೆ ಗೊತ್ತು. ಅಪ್ಪ ಆಗ್ಲೇ ಸಸಿ ರೆಡಿ ಮಾಡಿ ಇಟ್ಟಿದ್ದಾರೆ, ಬಾವಿ ಪಕ್ಕದ ಹಳೇ ಮರದ ಕಾಯಿಂದ ಎಬ್ಬಿಸಿದ್ದು, ಮೂರು ಗರಿ ಬಿಟ್ಟಿದೆ, ದಿನಾ ಬೆಳಿಗ್ಗೆ ಎದ್ದು ಮೊದ್ಲು ಅದರ ಮುಖ ನೋಡ್ತಾರೆ. ಈ ವರ್ಷ ನಾನೂ ಮಾಲೆ ಹಾಕಿ ಕನ್ನಿಸ್ವಾಮಿಯಾಗಿ (ಮೊದಲ ಸಲ ಹೋಗೋನು) ಜೊತೆಗೆ ಬರ್ಬೇಕು ಅನ್ನೋದು ಅವರ ಆಸೆ.

ನನಗೆ ಆಗ್ತಿಲ್ಲ. ಚಿಕ್ಕೋನಿದ್ದಾಗ ಸಂಕ್ರಾಂತಿ ಸಂಜೆ ಮನೇಲಿ ಎಲ್ರೂ ಟಿವಿ ಮುಂದೆ ನಿಂತ್ಕೋತಿದ್ವಿ, ಅಮ್ಮ ಎಳ್ಳುಬೆಲ್ಲದ ತಟ್ಟೆ ಪಕ್ಕಕ್ಕಿಟ್ಟು ಕರ್ಪೂರ ಹಚ್ಚಿ ಟಿವಿಗೇ ಮಂಗಳಾರತಿ ಮಾಡೋರು, ಆ ಕಪ್ಪು ಬೆಟ್ಟದ ಮೇಲೆ ಮೂರು ಸಲ ಬೆಳಕು ಮಿಂಚಿದ್ದೇ ತಡ ನನಗೆ ಮೈಯೆಲ್ಲಾ ಜುಮ್ ಅನ್ನೋದು. ದೇವತೆಗಳು ಬಂದು ಆರತಿ ಮಾಡ್ತಾರೆ ಅಂತ ಅಜ್ಜಿ ಹೇಳಿದ್ರು, ನಾನು ನಂಬಿದ್ದೆ. ಆಮೇಲೆ ಪಿಯುಸಿಲೋ ಡಿಗ್ರಿಲೋ ಇದ್ದಾಗ ಓದಿದೆ, 2011ರಲ್ಲಿ ಕೇರಳ ಹೈಕೋರ್ಟ್ ಮುಂದೆ ತಿರುವಾಂಕೂರು ದೇವಸ್ವಂ ಬೋರ್ಡ್‌ನೋರೇ ಒಪ್ಕೊಂಡಿದ್ದಾರೆ, ಶಬರಿಮಲೆ ಎದುರಿನ ಬೆಟ್ಟ ಪೊನ್ನಂಬಲಮೇಡಲ್ಲಿ ಕಾಣೋ ಬೆಳಕು ಮನುಷ್ಯರು ಹಚ್ಚೋದು ಅಂತ. ಯಾರೋ ಎದುರುಮಾತಿನೋರು ಹೇಳಿದ್ದಾದ್ರೆ ಬಿಟ್ಟಾಕ್ಬೋದಿತ್ತು, ದೇವಸ್ಥಾನ ನಡೆಸೋರೇ ಹೇಳಿದ್ದಾರೆ.

ಇನ್ನೊಂದು ಕಡೆ ಏನಂದ್ರೆ ಅಪ್ಪ ಮೊದ್ಲು ವಿಪರೀತ ಕುಡೀತಿದ್ರು. ಮಾಲೆ ಹಾಕೋಕೆ ಶುರು ಮಾಡಿದ ಮೂರನೇ ವರ್ಷಕ್ಕೆ ಪೂರ್ತಿ ಬಿಟ್ಟರು. ಅಮ್ಮನ ಪ್ರಕಾರ ಅದು ಅಯ್ಯಪ್ಪನ ಸಾಕ್ಷಿ, ಬೇರೆ ಸಾಕ್ಷಿ ಬೇಡ. ಇದಕ್ಕೆ ನನ್ನತ್ರ ಉತ್ತರ ಇಲ್ಲ. ದೇವರು ಇದ್ದಾನೋ ಇಲ್ವೋ ಅಂತ ನಾನು ಕೇಳ್ತಿಲ್ಲ, ಅದು ಇಲ್ಲಿ ಮುಗಿಯಲ್ಲ ಅಂತ ಗೊತ್ತು. ಒಂದು ವಿಷಯ ಸುಳ್ಳು ಅಂತ ಗೊತ್ತಾದ್ಮೇಲೆ ಉಳಿದಿದ್ದನ್ನ ಎಷ್ಟು ನಂಬ್ಬೇಕು, ನಂಬ್ದೇನೇ ವ್ರತ ಮಾಡಿದ್ರೆ ಅದು ಅಪ್ಪಂಗೆ ಮೋಸ ಮಾಡಿದಂಗಾ, ಇಷ್ಟು ಹೇಳಿ.

ಮಂಡ್ಯ_ಮಂಜ

ಗುರು ನಿಮ್ಮಪ್ಪ ಬಿಟ್ರು ಸಂತೋಷ. ನಮ್ಮೂರಲ್ಲಿ ಮಾಲೆ ತೆಗೆದ ದಿನ ಸಾಯಂಕಾಲ ವೈನ್ ಶಾಪ್ ಮುಂದೆ ಕ್ಯೂ ನೋಡ್ಬೇಕು ನೀನು, ಕೆಲವ್ರಿಗೆ ಹಣೆ ಮೇಲೆ ವಿಭೂತಿ ಇನ್ನೂ ಹಂಗೇ ಇರುತ್ತೆ. 41 ದಿನದ ಬಾಕಿ ಒಂದೇ ರಾತ್ರಿಗೆ ಚುಕ್ತಾ. ಅದನ್ನೂ ಸಾಕ್ಷಿಗೆ ಸೇರಿಸ್ಕೊ.

ಇರುಮುಡಿ_ಗುರುಸ್ವಾಮಿ

ಸ್ವಾಮಿ ಶರಣಂ. ತಮ್ಮ, ನಿಮ್ಮ ಪ್ರಶ್ನೆ ಪ್ರಾಮಾಣಿಕವಾಗಿದೆ, ಅದಕ್ಕೇ ಬರೀತಿದ್ದೀನಿ. ನಾನು ಇಪ್ಪತ್ತಾರು ಸಲ ಹೋಗಿ ಬಂದೋನು, ಕೈಯಾರೆ ನೂರಾರು ಜನಕ್ಕೆ ಇರುಮುಡಿ ಕಟ್ಟಿದ್ದೀನಿ. ಮಕರಜ್ಯೋತಿ ಬೇರೆ, ಮಕರವಿಳಕ್ಕು ಬೇರೆ. ಜ್ಯೋತಿ ಅಂದ್ರೆ ಆ ಸಂಜೆ ಆಕಾಶದಲ್ಲಿ ಕಾಣೋ ನಕ್ಷತ್ರ. ವಿಳಕ್ಕು ಅಂದ್ರೆ ಬೆಟ್ಟದ ಮೇಲೆ ಮಾಡೋ ದೀಪಾರಾಧನೆ. ಪಂದಳದ ಅರಮನೆಯಿಂದ ತಿರುವಾಭರಣ (ಸ್ವಾಮಿಯ ಒಡವೆ) ಬಂದು ಸ್ವಾಮಿಗೆ ಅಲಂಕಾರ ಆಗಿ ಇಲ್ಲಿ ಆರತಿ ಆಗುವಾಗ ಅಲ್ಲಿ ದೀಪ ತೋರಿಸ್ತಾರೆ. ಎರಡನ್ನೂ ಕಲಸಿ ಒಂದು ಮಾಡಿದ್ದು ಟಿವಿಯೋರು, ಕ್ಯಾಸೆಟ್‌ನೋರು. ಅಲ್ಲಿ ತಂತ್ರಿಗಳಾಗಿದ್ದ, ಅಂದ್ರೆ ಮುಖ್ಯ ಅರ್ಚಕರಾಗಿದ್ದ ಕಂಠರರ್ ಮಹೇಶ್ವರರು 2008ರಲ್ಲೇ ಇದು ಮನುಷ್ಯರು ಹಚ್ಚೋ ದೀಪ ಅಂತ ಹೇಳಿದ್ರು. ಗೋಪುರಕ್ಕೆ ಲೈಟ್ ಹಾಕಿದ್ರೆ ಯಾರು ಹಾಕಿದ್ದು ಅಂತ ಕೇಳ್ತೀರಾ? ನಿಮಗೆ ಯಾರೂ ಸುಳ್ಳು ಹೇಳಿಲ್ಲ ಸ್ವಾಮಿ, ನೀವು ತಪ್ಪು ತಿಳ್ಕೊಂಡಿದ್ದು ಅಷ್ಟೇ.

ಕಾಸ್ರೋಡು_ಭಟ್ಟ

ಗುರುಸ್ವಾಮಿಗಳು ಹೇಳಿದ್ದರಲ್ಲಿ ಅರ್ಧ ಸರಿ ಉಂಟು. ನಾವು ಗಡಿಯವರು, ಮಲಯಾಳ ಪೇಪರ್ ಓದ್ತೇವೆ, ಕೇರಳದ ಯುಕ್ತಿವಾದಿಗಳು ಇದನ್ನು ದಶಕಗಳಿಂದ ಹೇಳ್ತಾ ಬಂದದ್ದು ನಮಗೆ ಹೊಸತಲ್ಲ ಮಾರಾಯ್ರೆ. ವಿಳಕ್ಕ್ ಅಂದರೆ ಮಲಯಾಳದಲ್ಲಿ ದೀಪ, ಬೇರೆ ಅರ್ಥವೇ ಇಲ್ಲ. ದೀಪ ಅಂದಮೇಲೆ ಹಚ್ಚುವವರು ಒಬ್ಬರು ಇರಲೇಬೇಕಲ್ಲ? ಗಟ್ಟದ ಮೇಲೆ ಬರುವಾಗ ಅದು ಜ್ಯೋತಿ ಆಯಿತು, ಜ್ಯೋತಿ ತನ್ನಿಂದ ತಾನೇ ಬೆಳಗುತ್ತದೆ ಅಂತಾಯಿತು. ಆ ಕಾಡಿನ ಮಲೆಅರಯ ಸಮುದಾಯದವರು, ಅದು ನಮ್ಮ ಹಿರಿಯರು ಹಚ್ಚುತ್ತಿದ್ದ ದೀಪ, ಆಮೇಲೆ ನಮ್ಮ ಕೈಯಿಂದ ಹೋಯಿತು ಅಂತ ಈಗಲೂ ಹೇಳ್ತಾರೆ. ಅವರ ಪಾಲಿಗೆ ಅದು ಯಾವತ್ತೂ ಪವಾಡ ಅಲ್ಲ, ಮನೆದೀಪ.

ಆದರೆ ಯಾರೂ ಸುಳ್ಳು ಹೇಳಲಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕೋಟಿ ಜನ ಪವಾಡ ಅಂತ ತಿಳ್ಕೊಂಡಿದ್ದಾರೆ ಅಂತ ಗೊತ್ತಿದ್ದೂ ಬಾಯಿ ಮುಚ್ಚಿ ಕೂತರೆ ಅದಕ್ಕೆ ಎಂತ ಹೇಳುವುದು? 2011ರ ಜನವರಿ 14ಕ್ಕೆ ಪುಲ್ಲುಮೇಡಲ್ಲಿ ಆದದ್ದು ನೆನಪುಂಟಾ? ದೀಪ ನೋಡಿ ಕತ್ತಲಲ್ಲಿ ಇಳಿಯುವಾಗ ನೂಕುನುಗ್ಗಲಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ತಮಿಳರು, ಕನ್ನಡದವರು, ಆಂಧ್ರದವರೇ ಜಾಸ್ತಿ. 1999ರಲ್ಲಿ ಅದೇ ಜನವರಿ 14ರಂದು ಪಂಪೆಯಲ್ಲಿ 50ಕ್ಕೂ ಹೆಚ್ಚು. ಕೋರ್ಟು ಈ ಪ್ರಶ್ನೆ ಎತ್ತಿದ್ದೇ ಪುಲ್ಲುಮೇಡಿನ ಹೆಣ ಎಣಿಸಿದ ಮೇಲೆ. ಮನುಷ್ಯರು ಹಚ್ಚುವ ದೀಪ ಅಂತ ಮೊದಲೇ ದೊಡ್ಡ ಬೋರ್ಡ್ ಹಾಕಿದ್ದರೆ ಆ ಗುಡ್ಡದ ತುದಿಗೆ ಅಷ್ಟು ಜನ ಹೋಗ್ತಿದ್ದರಾ ಅಂತ ನನಗೆ ಈಗಲೂ ಅನ್ನಿಸ್ತದೆ.

ಇರುಮುಡಿ_ಗುರುಸ್ವಾಮಿ

ಭಟ್ಟರೇ, ಪುಲ್ಲುಮೇಡು ಆಗಿದ್ದು ದಾರಿ, ಲೈಟು, ಪೊಲೀಸ್ ವ್ಯವಸ್ಥೆ ಸರಿ ಇಲ್ಲದೇ. ಗೊತ್ತಿದ್ದೂ ಹೋಗೋರು ಹೋಗ್ತಿದ್ರು. ಈಗ ಎಲ್ರಿಗೂ ಗೊತ್ತು ತಾನೇ, ಜನ ಕಮ್ಮಿ ಆದ್ರಾ?

ಲುಬ್ಧಕ

ನಾನು ಹಾಸನದಲ್ಲಿ ಫಿಸಿಕ್ಸ್ ಪಾಠ ಮಾಡೋನು, ರಾತ್ರಿ ಹೊತ್ತು ಟೆಲಿಸ್ಕೋಪ್ ಹುಚ್ಚು. ಆ ನಕ್ಷತ್ರದ ವಿಷ್ಯಕ್ಕೆ ನಾಲ್ಕು ಮಾತು, ಯಾಕಂದ್ರೆ ಗುರುಸ್ವಾಮಿಗಳು ದೀಪವನ್ನ ಬಿಟ್ಟುಕೊಟ್ಟು ನಕ್ಷತ್ರ ಹಿಡ್ಕೊಂಡಿದ್ದಾರೆ. ಮಕರಜ್ಯೋತಿ ಅಂತ ತೋರಿಸೋದು ಲುಬ್ಧಕ, ಇಂಗ್ಲಿಷಲ್ಲಿ ಸಿರಿಯಸ್, ರಾತ್ರಿ ಆಕಾಶದಲ್ಲಿ ಎಲ್ಲಕ್ಕಿಂತ ಪ್ರಕಾಶಮಾನವಾದ ನಕ್ಷತ್ರ, 8.6 ಜ್ಯೋತಿರ್ವರ್ಷ ದೂರ. ಜನವರಿ ಮಧ್ಯದಲ್ಲಿ ಸೂರ್ಯ ಮುಳುಗೋ ಹೊತ್ತಿಗೇ ಪೂರ್ವ-ಆಗ್ನೇಯದಲ್ಲಿ ಏಳುತ್ತೆ, ಕತ್ತಲಾಗ್ತಿದ್ದಂಗೆ ಕಣ್ಣಿಗೆ ಬೀಳುತ್ತೆ. ಸಂಕ್ರಾಂತಿ ಹಿಂದಿನ ದಿನವೂ ಬರುತ್ತೆ, ಮಾರನೇ ದಿನವೂ ಬರುತ್ತೆ, ನಿಮ್ಮ ಮನೆ ಟೆರೇಸಿಂದಲೂ ಕಾಣುತ್ತೆ. ಬಂದು ನೋಡಿ, ಟಿಕೆಟ್ ಇಲ್ಲ.

ಇದಕ್ಕಿಂತ ಮಜಾ ಬೆಂಗಳೂರಿನ ಗವಿ ಗಂಗಾಧರೇಶ್ವರ. ಅಲ್ಲಿ ಯಾರೂ ದೀಪ ಹಚ್ಚಲ್ಲ, ಸಂಕ್ರಾಂತಿ ಸಂಜೆ ನಿಜವಾಗ್ಲೂ ಸೂರ್ಯನ ಬೆಳಕು ಕಿಂಡಿಯೊಳಗಿಂದ ನಂದಿಯ ಕೊಂಬಿನ ನಡುವೆ ಹಾದು ಲಿಂಗದ ಮೇಲೆ ಬೀಳುತ್ತೆ. ವರ್ಷಕ್ಕೆ ಒಂದೇ ಸಲ ಅಂತಾರೆ ಎಲ್ರೂ. ನಾನು ಕ್ಲಾಸಲ್ಲಿ ಹುಡುಗರಿಗೆ ಇದನ್ನೇ ಲೆಕ್ಕ ಕೊಡ್ತೀನಿ: ಸೂರ್ಯ ಅತೀ ದಕ್ಷಿಣಕ್ಕೆ ಹೋಗೋದು ಡಿಸೆಂಬರ್ 21-22ಕ್ಕೆ. ಅಲ್ಲಿಂದ 24 ದಿನ ಮುಂದೆ ಹೋದ್ರೆ ಜನವರಿ 14. ಹಾಗಾದ್ರೆ 24 ದಿನ ಹಿಂದೆ ಹೋಗಿ? ನವೆಂಬರ್ ಕೊನೇ ವಾರ. ಆಗಲೂ ಸೂರ್ಯ ಆಕಾಶದಲ್ಲಿ ಅದೇ ಜಾಗದಲ್ಲಿ ಮುಳುಗ್ಬೇಕು, ಬೆಳಕು ಅದೇ ಲಿಂಗದ ಮೇಲೆ ಬೀಳ್ಬೇಕು. ಬೀಳುತ್ತೆ! ಖಗೋಳ ಬಲ್ಲೋರು ಹೋಗಿ ನೋಡಿ ಲೆಕ್ಕ ಹಾಕಿ 2008ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೇಲಿ ಬರೆದಿದ್ದಾರೆ, 1792ರಲ್ಲಿ ಡೇನಿಯಲ್ ಅನ್ನೋ ಚಿತ್ರಕಾರರು ಆ ಗುಡಿಯ ಚಿತ್ರ ಬರೆದಿದ್ರಲ್ಲ ಅದಕ್ಕೂ ಹೋಲಿಸಿ ನೋಡಿದ್ದಾರೆ. ಆದ್ರೆ ನವೆಂಬರಲ್ಲಿ ಅಲ್ಲಿ ಟಿವಿ ಕ್ಯಾಮೆರಾ ಇರಲ್ಲ, ಕ್ಯೂ ಇರಲ್ಲ.

ನನಗೆ ಇದರಿಂದ ಆ ಗುಡಿ ಮೇಲೆ ಗೌರವ ಜಾಸ್ತಿಯೇ ಆಯ್ತು. ಯಾರೋ ಪುಣ್ಯಾತ್ಮ ಸೂರ್ಯನ ದಾರಿ ವರ್ಷಗಟ್ಟಲೆ ನೋಡಿ ಕಿಂಡಿ ಇಟ್ಟಿದ್ದಾನೆ ಅನ್ನಿಸುತ್ತೆ. ನಿಜ ತಿಳ್ಕೊಂಡ್ರೆ ಎಲ್ಲಾ ಕಳ್ಕೊಂಡುಬಿಡ್ತೀವಿ ಅಂತ ಹೆದರ್ಬೇಡಿ ಕಲ್ಪತರು, ಕೆಲವು ಉಳಿಯುತ್ತೆ. ಯಾವುದು ಉಳಿಯುತ್ತೆ ಅಂತ ಕೆದಕಿ ನೋಡಿದ್ಮೇಲೇ ಗೊತ್ತಾಗೋದು.

ನಿಜಭಕ್ತ_007

ಹಿಂದೂಗಳ ನಂಬಿಕೆ ಮಾತ್ರ ಯಾಕ್ ಕೆದಕ್ತೀರಾ?? ಬೇರೆ ಧರ್ಮದೋರ್ನ ಕೇಳಿ ನೋಡೋಣ ಧಮ್ ಇದ್ರೆ

ಲುಬ್ಧಕ

ಕೇಳಿದ್ದಾರೆ ಸರ್. 2012ರಲ್ಲಿ ಮುಂಬೈನ ಒಂದು ಚರ್ಚಲ್ಲಿ ಯೇಸುವಿನ ಶಿಲುಬೆಯ ಕಾಲಿಂದ ನೀರು ಹನೀತಿದೆ ಅಂತ ಜನ ಬಾಟ್ಲಿಲಿ ಹಿಡ್ಕೊಂಡು ಹೋಗ್ತಿದ್ರು. ಸನಲ್ ಎಡಮರುಕು ಅನ್ನೋ ಯುಕ್ತಿವಾದಿ ಹೋಗಿ ನೋಡಿ, ಪಕ್ಕದ ಕಟ್ಟಿಕೊಂಡ ಚರಂಡಿ ನೀರು ಗೋಡೆಯಲ್ಲಿ ಏರಿ ಬರ್ತಿದೆ ಅಂತ ತೋರಿಸಿದ್ರು. ಧಾರ್ಮಿಕ ಭಾವನೆಗೆ ಧಕ್ಕೆ ಅಂತ ಕೇಸ್ ಬಿತ್ತು, ಅವರು ದೇಶ ಬಿಟ್ಟು ಫಿನ್‌ಲ್ಯಾಂಡಿಗೆ ಹೋದ್ರು. ನೀರು ಏರೋ ಕ್ರಮ ಹೆಚ್ಚುಕಮ್ಮಿ ನಮ್ಮ ಗಣೇಶ 1995ರ ಸೆಪ್ಟೆಂಬರ್ 21ಕ್ಕೆ ಚಮಚದಿಂದ ಹಾಲು ಕುಡಿದ ಕ್ರಮಾನೇ. ದ್ರವಗಳಿಗೆ ಧರ್ಮ ಇಲ್ಲ ನೋಡಿ.

ನಿರ್ವಾಹಕ

ಧಮ್ಮು, ತಾಕತ್ತು ಎಲ್ಲಾ ಹೊರಗಿಟ್ಟು ಬನ್ನಿ. ಮುಂದಿನ ಇಂಥ ಕಾಮೆಂಟ್ ಡಿಲೀಟ್.

ಗದಗಿನ_ಗಿರಮಿಟ್

ನನ್ನ ಕತಿ ಒಂದ್ ಕೇಳ್ರಿ. 1980, ಫೆಬ್ರವರಿ 16, ಪೂರ್ಣ ಸೂರ್ಯಗ್ರಹಣ, ನಮ್ಮ ಹುಬ್ಬಳ್ಳಿ-ಗದಗ ಕಡೆ ಮಧ್ಯಾಹ್ನನ ಕತ್ತಲಾತು. ನಾ ಅವಾಗ ಎಂಟ್ ವರ್ಷದಾಂವ. ಅಜ್ಜಿ ಕಿಟಕಿಗೆಲ್ಲಾ ಕಂಬಳಿ ಕಟ್ಟಿ, ಅಡಗಿ ಎಲ್ಲಾ ಚೆಲ್ಲಿ, ನೀರಿನ ಹಂಡೇಕ ದರ್ಭಿ ಹಾಕಿ, ನಮ್ಮನ್ನೆಲ್ಲಾ ದೇವರ ಮನಿಯಾಗ ಕೂಡಿಸಿದ್ಳು. ನಮ್ಮ ಕಾಕಾ ಹೊರಗ ಹೋಗಿ ನೋಡಿ ಬಂದ, ಕೋಳಿ ಗೂಡಿಗೆ ಹೊಂಟಿದ್ವು ಅಂತ ನಕ್ಕೋತ ಹೇಳಿದ. ಅಂವಗೇನೂ ಆಗ್ಲಿಲ್ಲ. ನಾ ಅಜ್ಜಿಗೆ ಕೇಳ್ದೆ, ಕಾಕಾಗ ಏನೂ ಆಗ್ಲಿಲ್ಲಲ್ಲ ಅಂತ. ಅಕಿ ಏನಂದ್ಳು ಗೊತ್ತೇನ್ರಿ? 'ಪಂಚಾಂಗದಾಗ ಗ್ರಹಣ ಇಂಥಾ ಹೊತ್ತಿಗೆ ಹಿಡಿತೈತಿ ಅಂತ ಬರ್ದಿತ್ತು, ಹಿಡಿತಿಲ್ಲೋ? ಅದು ಖರೆ ಆದ್ರ ಉಣಬಾರ್ದು ಅಂತ ಬರ್ದದ್ದೂ ಖರೆನ' ಅಂದ್ಳು.

ನೋಡ್ರಿ, ನಂಬಿಕಿ ನಿಲ್ಲೂದು ಹಿಂಗ. ಗ್ರಹಣದ ಟೈಮ್ ಲೆಕ್ಕದ್ದು, ತಾಳೆ ಹಾಕಿ ನೋಡಬಹುದು. ಊಟದ್ದು ಲೆಕ್ಕದ್ದಲ್ಲ. ಆದ್ರ ಎರಡೂ ಒಂದ ಪುಸ್ತಕದಾಗ ಅದಾವ ಅಂತ ಲೆಕ್ಕದ ಮರ್ಯಾದಿ ಊಟಕ್ಕೂ ಸಿಗ್ತೈತಿ. ನಿಮ್ಮ ಅಪ್ಪಾರು ಕುಡಿಯೂದು ಬಿಟ್ಟದ್ದು ಖರೆ, ಹಂಗಂತ ಬೆಳಕೂ ಖರೆ ಅಂತಾರ ನಿಮ್ಮ ಅವ್ವಾರು. ನೀವು ಅದನ್ನ ಉಲ್ಟಾ ಮಾಡಾಕತ್ತೀರಿ ತಮ್ಮಾ, ಬೆಳಕು ಸುಳ್ಳು ಅದಕ್ಕ ಎಲ್ಲಾ ಸುಳ್ಳು ಅಂತ. ಎರಡೂ ಒಂದ ತಪ್ಪು. ಒಂದೊಂದನ್ನ ಬ್ಯಾರೆ ಬ್ಯಾರೆ ತೂಗ್ರಿ.

ಕಲ್ಪತರು_ಹುಡುಗ

ಗಿರಮಿಟ್ ಸರ್ ಇದು ಚೆನ್ನಾಗಿದೆ, ಎರಡು ಸಲ ಓದಿದೆ. ಆದ್ರೂ ಬೇರೆ ಬೇರೆ ತೂಗೋಕೆ ಹೋದ್ರೆ ಅಪ್ಪ ಕುಡಿಯೋದು ಬಿಟ್ಟಿದ್ದನ್ನ ಯಾವ ತಕ್ಕಡೀಲಿ ಇಡೋದು?

ಉಷಾ_ನರ್ಸಮ್ಮ

ಅದನ್ನ ನಾನು ಹೇಳ್ತೀನಿ ಕೇಳಪ್ಪ. ನಾನು ಇಪ್ಪತ್ತು ವರ್ಷದಿಂದ ಸರ್ಕಾರಿ ಆಸ್ಪತ್ರೆ ವಾರ್ಡಲ್ಲಿ ಕೆಲಸ ಮಾಡ್ತಿದ್ದೀನಿ, ಕುಡಿದು ಲಿವರ್ ಹಾಳು ಮಾಡ್ಕೊಂಡೋರ್ನ ದಿನಾ ನೋಡ್ತೀನಿ, ನಮ್ಮ ಮನೆಯೋರೂ ಅದೇ ಪಾರ್ಟಿ. ನಮ್ಮನೆಯೋರು ಐದು ವರ್ಷ ಮಾಲೆ ಹಾಕಿದ್ರು, ಐದು ವರ್ಷವೂ 41 ದಿನ ಒಂದು ತೊಟ್ಟು ಮುಟ್ಟಲಿಲ್ಲ, ಐದು ವರ್ಷವೂ ವಾಪಸ್ ಶುರು ಮಾಡಿದ್ರು. ಅದೇ ಅಯ್ಯಪ್ಪ, ಅದೇ ಗುರುಸ್ವಾಮಿ, ಅದೇ ಬಸ್ಸು. ನಿಮ್ಮಪ್ಪಂಗೆ ಒಲಿದ ದೇವರು ನಮ್ಮನೆಯೋರಿಗೆ ಯಾಕೆ ಒಲೀಲಿಲ್ಲ ಅಂತ ಕೇಳಿದ್ರೆ ಭಕ್ತಿ ಸಾಲ್ದು ಅಂತಾರೆ. ಗೆದ್ದರೆ ದೇವರು, ಸೋತರೆ ಭಕ್ತ. ಇಂಥ ಲೆಕ್ಕದಲ್ಲಿ ಯಾವತ್ತೂ ಯಾರೂ ತಪ್ಪು ಅಂತ ತೋರಿಸೋಕೆ ಆಗಲ್ಲ.

ಆದ್ರೆ ಆ 41 ದಿನ ನಿಜ, ಅದನ್ನ ನಾನು ಕಣ್ಣಾರೆ ನೋಡಿದ್ದೀನಿ. ಯಾಕೆ ಕೆಲಸ ಮಾಡುತ್ತೆ ಗೊತ್ತಾ? ಬೆಳಿಗ್ಗೆ ಐದಕ್ಕೆ ಎದ್ದು ತಣ್ಣೀರು ಸ್ನಾನ, ಸಂಜೆ ಕುಡಿಯೋ ಹೊತ್ತಿಗೆ ಸರಿಯಾಗಿ ಭಜನೆ, ಸುತ್ತ ಹತ್ತು ಜನ ಅದೇ ವ್ರತದಲ್ಲಿ, ಹೆಂಡತಿ ಮಕ್ಕಳೂ ಸ್ವಾಮಿ ಅಂತಲೇ ಕರೀಬೇಕು. ಕಪ್ಪು ಪಂಚೆ ಉಟ್ಟು ಮಾಲೆ ಹಾಕ್ಕೊಂಡು ಅಂಗಡಿ ಮುಂದೆ ನಿಂತ್ರೆ ಬಾರ್‌ನೋನೇ 'ಸ್ವಾಮಿ ಬೇಡಿ' ಅಂತ ವಾಪಸ್ ಕಳಿಸ್ತಾನೆ, ನಮ್ಮನೆಯೋರಿಗೇ ಹಂಗಾಗಿದೆ. ಇಡೀ ಊರು ಕಾವಲು ಕಾಯುತ್ತೆ. ಮಾಲೆ ತೆಗೆದ ದಿನ ಕಾವಲು ಮುಗೀತು. ನಿಮ್ಮಪ್ಪ ಆ ದಿನ ಆದ್ಮೇಲೂ ತಡ್ಕೊಂಡ್ರಲ್ಲ, ಅದಕ್ಕೆ ಕಾರಣ ಏನು ಅಂತ ಅವರನ್ನೇ ಕೇಳು. ನಾವು ಇಲ್ಲಿ ಕೂತು ಊಹೆ ಮಾಡೋದ್ಯಾಕೆ?

ಇನ್ನೊಂದು. ನಿಮ್ಮಪ್ಪಂಗೆ ಬಿಪಿ ಶುಗರ್ ಇದ್ರೆ ವ್ರತದಲ್ಲಿ ಮಾತ್ರೆ ಬಿಡ್ಬಾರ್ದು ಅಂತ ಹೇಳು. ಪ್ರತಿ ವರ್ಷ ನಮ್ಮಲ್ಲಿ ಒಬ್ರಿಬ್ರು ಮಾತ್ರೆ ಬಿಟ್ಟು ಬರ್ತಾರೆ, ಸ್ವಾಮಿ ನೋಡ್ಕೋತಾನೆ ಅಂತ. ಸ್ವಾಮಿ ಸನ್ನಿಧಿಗೆ ಹತ್ತೋ ದಾರೀಲೇ ನೀಲಿಮಲೆ, ಅಪ್ಪಾಚಿಮೇಡಲ್ಲಿ ಹಾರ್ಟಿನ ಎಮರ್ಜೆನ್ಸಿ ಸೆಂಟರ್ ಇಟ್ಟಿದ್ದಾರೆ, ದೇವಸ್ಥಾನದೋರಿಗೆ ಗೊತ್ತಿರೋದು ಭಕ್ತರಿಗೆ ಗೊತ್ತಿಲ್ಲ!

ನನಗಂತೂ ಇನ್ನೂ ಐವತ್ತಾಗಿಲ್ಲ, ಹೋಗಂಗಿಲ್ಲ. 2018ರ ಸೆಪ್ಟೆಂಬರ್ 28ಕ್ಕೆ ಸುಪ್ರೀಂ ಕೋರ್ಟ್ 4-1ರಲ್ಲಿ ಎಲ್ಲಾ ವಯಸ್ಸಿನ ಹೆಂಗಸರೂ ಹೋಗ್ಬೋದು ಅಂತು, ಆಮೇಲೆ ಮರುಪರಿಶೀಲನೆ ಅಂತ ದೊಡ್ಡ ಪೀಠಕ್ಕೆ ಹೋಯ್ತು. ಆ ಐವರಲ್ಲಿ ಬೇಡ ಅಂದ ಒಬ್ಬರೇ ಜಡ್ಜ್ ಹೆಂಗಸು, ಇಂದು ಮಲ್ಹೋತ್ರಾ. ಧರ್ಮದ ಆಚರಣೆಗೆ ತರ್ಕದ ಅಳತೆಗೋಲು ಇಡೋದು ಕೋರ್ಟಿನ ಕೆಲಸ ಅಲ್ಲ ಅನ್ನೋ ಅರ್ಥದಲ್ಲಿ ಬರೆದ್ರು. ಕೋರ್ಟಿನ ಕೆಲಸ ಅಲ್ಲ ಅಂತಾನೇ ಇಟ್ಕೊಳ್ಳೋಣ. ಹಾಗಾದ್ರೆ ಅದು ಯಾರ ಕೆಲಸ, ನಮ್ಮಂಥೋರ ಕೆಲಸಾನೇ ಅಲ್ವಾ?

ಮಂಡ್ಯ_ಮಂಜ

ಅಕ್ಕಾ ನೀವು ಹೇಳಿದ್ಮೇಲೆ ನನ್ನ ಜೋಕು ನನಗೇ ಕೆಟ್ಟದಾಗಿ ಕಾಣ್ತಿದೆ. ಸಾರಿ.

ಕಾಸ್ರೋಡು_ಭಟ್ಟ

ಉಷಕ್ಕ ಹೇಳಿದ 'ಗೆದ್ದರೆ ದೇವರು ಸೋತರೆ ಭಕ್ತ' ಎನ್ನುವುದಕ್ಕೆ ಒಂದು ಸೇರಿಸ್ತೇನೆ. ಶಬರಿಮಲೆಯ ಕತೆಯ ಒಳಗೇ ಸಾಕ್ಷಿ ನೋಡುವ ಒಬ್ಬಳು ಇದ್ದಾಳೆ, ಗೊತ್ತುಂಟಾ? ಮಾಳಿಗಪ್ಪುರತ್ತಮ್ಮ, ಸನ್ನಿಧಾನದ ಪಕ್ಕದ ಗುಡಿಯ ದೇವಿ. ಅವಳಿಗೆ ಅಯ್ಯಪ್ಪನನ್ನು ಮದುವೆಯಾಗಬೇಕು. ಯಾವ ವರ್ಷ ಕನ್ನಿ ಅಯ್ಯಪ್ಪಂದಿರು ಯಾರೂ ಬರುವುದಿಲ್ಲವೋ ಆ ವರ್ಷ ಆಗ್ತೇನೆ ಅಂತ ಅವನ ಮಾತು. ಮೊದಲ ಸಲ ಬರುವವರು ಶರಂಕುತ್ತಿಯಲ್ಲಿ ಒಂದು ಬಾಣ ಚುಚ್ಚಿ ಹೋಗಬೇಕು. ಮಕರವಿಳಕ್ಕು ಆದ ಮೇಲೆ ಅವಳ ಮೆರವಣಿಗೆ ಆನೆ ಮೇಲೆ, ವಾದ್ಯ ಸಮೇತ ಶರಂಕುತ್ತಿವರೆಗೆ ಬರ್ತದೆ. ಅಲ್ಲಿ ಬಾಣಗಳ ರಾಶಿ ನೋಡಿ ವಾದ್ಯ ನಿಲ್ಲಿಸಿ ಸದ್ದಿಲ್ಲದೆ ವಾಪಸ್. ಪ್ರತಿ ವರ್ಷವೂ. ಅಯ್ಯಪ್ಪ ಹೇಳಿದ ಅಂತ ಕೂತಲ್ಲೇ ನಂಬುವವಳಲ್ಲ ಅವಳು, ಎದ್ದು ಬಂದು ನೋಡಿ ಹೋಗ್ತಾಳೆ. ನನಗೆ ಆ ಇಡೀ ಬೆಟ್ಟದಲ್ಲಿ ಇಷ್ಟವಾದದ್ದು ಅವಳೇ.

ಇರುಮುಡಿ_ಗುರುಸ್ವಾಮಿ

ಭಟ್ಟರೇ ಇಷ್ಟು ವರ್ಷದಲ್ಲಿ ನನಗೆ ಹೀಗೆ ಹೊಳೆದಿರಲಿಲ್ಲ. ಶರಣಂ.

ಒಂದು ಮಾತು ನಾನೂ ಒಪ್ಕೋತೀನಿ. ನಾನು ಕನ್ನಿಸ್ವಾಮಿಗಳಿಗೆ ವಿಳಕ್ಕಿನ ವಿಷಯ ಕೇಳಿದ್ರೆ ಮಾತ್ರ ಹೇಳ್ತಿದ್ದೆ, ಕೇಳ್ದೇ ಇದ್ರೆ ನಾನಾಗಿ ಹೇಳ್ತಿರಲಿಲ್ಲ. ಅವರ ಕಣ್ಣಲ್ಲಿರೋ ಆ ಸಂತೋಷ ಯಾಕೆ ಹಾಳು ಮಾಡೋದು ಅಂತ. ಅದು ತಪ್ಪೋ ಸರಿಯೋ ಈಗ ಯೋಚನೆ ಬರ್ತಿದೆ.

ಗದಗಿನ_ಗಿರಮಿಟ್

ಗುರುಸ್ವಾಮಿಗಳ, ಇಷ್ಟು ಹೇಳಿದ್ರಲ್ಲ, ನಿಮಗ ದೊಡ್ಡ ನಮಸ್ಕಾರ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಇದ್ದಾಗ 1976ರಾಗ ಪವಾಡಗಳನ್ನ ಪರೀಕ್ಷಾ ಮಾಡೂ ಸಮಿತಿ ಮಾಡಿದ್ರು. ಪುಟ್ಟಪರ್ತಿ ಸಾಯಿಬಾಬಾಗ ನಮ್ಮ ಮುಂದ ಮಾಡಿ ತೋರ್ಸ್ರಿ ಅಂತ ಪತ್ರ ಬರದ್ರು, ಬಾಬಾ ಒಪ್ಪಲಿಲ್ಲ. ಉಂಗುರ ವಿಭೂತಿ ಬ್ಯಾಡ, ತೋಳಿನಾಗ ಮುಚ್ಚಿಡಾಕ ಬರದಂಥಾ ಕುಂಬಳಕಾಯಿ ಸೃಷ್ಟಿ ಮಾಡ್ರಿ ಅಂದಿದ್ರು ಮಾಸ್ತರ್ರು. ಪಂಚೆ, ಗಾಂಧಿ ಟೋಪಿ, ಹಾಸ್ಟೆಲ್ ಖೋಲಿ, ಜೀವನಪೂರ್ತಿ ಬ್ರಹ್ಮಚಾರಿ. ಅಂವರ ಬದುಕು ನೋಡಿದ್ರ ನಿಮ್ಮ 41 ದಿನದ ವ್ರತ ಅಂವರು ವರ್ಷಪೂರ್ತಿ ಮಾಡ್ಯಾರ ಅನಿಸ್ತೈತಿ, ಮಾಲಿ ಇಲ್ದ.

ಆದ್ರ ಆ ಕಾಲ ಬ್ಯಾರೆ ಇತ್ತು. ಸಂಶೋಧಕ ಎಂ.ಎಂ. ಕಲ್ಬುರ್ಗಿಯವರನ್ನ 2015ರ ಆಗಸ್ಟ್ 30ಕ್ಕ ಧಾರವಾಡದಾಗ ಅವರ ಮನಿ ಬಾಗಿಲದಾಗ ಗುಂಡು ಹೊಡದ ಮ್ಯಾಲೆ ನಾನೂ ಹೆಸರು ಹಾಕಿ ಬರಿಯೂದು ಬಿಟ್ಟೀನಿ, ಗಿರಮಿಟ್ ಅಂತ ಬರಿತೀನಿ.

ಕಲ್ಪತರು_ಹುಡುಗ

ನಾಲ್ಕು ದಿನ ಆಯ್ತು, ಅಪ್‌ಡೇಟ್ ಕೊಡ್ತೀನಿ.

ಉಷಕ್ಕ ಹೇಳಿದಂಗೆ ಅಪ್ಪನ್ನೇ ಕೇಳಿದೆ. ಭಾನುವಾರ ಕೊಬ್ಬರಿ ಹೋಳು ಮಾಡ್ತಾ ಕೂತಿದ್ರು, ನಾನೂ ಪಕ್ಕದಲ್ಲಿ ಕೂತು ಸಿಪ್ಪೆ ತೆಗೀತಾ ಫೋನಲ್ಲಿದ್ದ ನ್ಯೂಸ್ ತೋರಿಸ್ದೆ, ಹೈಕೋರ್ಟಿಂದು. ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ರು. ನನಗೆ ಎದೆ ಹೊಡ್ಕೋತಿತ್ತು. ಫೋನ್ ವಾಪಸ್ ಕೊಟ್ಟು 'ಗೊತ್ತು ಕಣೋ' ಅಂದ್ರು. ಯಾವಾಗಿಂದ ಅಂದೆ. 2011ರಿಂದ ಅಂತೆ. ಆ ವರ್ಷ ಅವರು ಮಕರವಿಳಕ್ಕಿಗೇ ಹೋಗಿದ್ರು, ಪುಲ್ಲುಮೇಡಲ್ಲಲ್ಲ, ಸನ್ನಿಧಾನದಲ್ಲಿ. ಬೆಳಕು ನೋಡಿದ್ದಾರೆ, ಕೂಗಿದ್ದಾರೆ, ಅತ್ತಿದ್ದಾರೆ. ಕೆಳಗೆ ಬರೋಷ್ಟರಲ್ಲಿ ಸುದ್ದಿ. ನನಗೆ ಅದು ಮಸುಕು ಮಸುಕು ನೆನಪು, ಎರಡು ದಿನ ಅಪ್ಪನ ಫೋನ್ ಸಿಕ್ಕಿರಲಿಲ್ಲ, ಅಮ್ಮ ಒಲೆ ಹಚ್ಚಿರಲಿಲ್ಲ. ವಾಪಸ್ ಬರುವಾಗ ಬಸ್ಸಲ್ಲಿ ಅವರ ಗುರುಸ್ವಾಮಿ ಹೇಳಿದ್ರಂತೆ, ಅದು ಕರ್ಪೂರ ಕಣ್ರಯ್ಯಾ, ನಮ್ಮಂಥೋರೇ ಹಚ್ಚೋದು, ಅದಕ್ಕೋಸ್ಕರ ಜೀವ ಕೊಡೋ ಹಂಗಿರಲಿಲ್ಲ ಅಂತ.

ಅಲ್ಲಿಂದ ಮುಂದೆ ಅಪ್ಪ ಸಂಕ್ರಾಂತಿಗೆ ಹೋಗೇ ಇಲ್ಲ. ನಾನು ಗಮನಿಸೇ ಇರಲಿಲ್ಲ! ಪ್ರತಿ ವರ್ಷ ಡಿಸೆಂಬರ್ ಮೊದಲ ವಾರದಲ್ಲಿ ಹೋಗಿ ಬಂದುಬಿಡ್ತಾರೆ, ನಾನು ರಶ್ ಕಮ್ಮಿ ಇರುತ್ತೆ ಅಂತ ಅನ್ಕೊಂಡಿದ್ದೆ. ಸಂಕ್ರಾಂತಿ ಸಂಜೆ ಟಿವಿ ಮುಂದೆ ಅಮ್ಮ ಅಜ್ಜಿ ನಾವೆಲ್ಲಾ ನಿಂತಾಗ ಅಪ್ಪ ದನಗಳಿಗೆ ಕಿಚ್ಚು ಹಾಯಿಸೋ ನೆಪದಲ್ಲಿ ಹೊರಗೆ ಇರೋರು. ಅದು ನೆಪ ಅಂತ ಈಗ ಗೊತ್ತಾಗ್ತಿದೆ.

ಮತ್ಯಾಕೆ ನಮಗೆ ಹೇಳ್ಲಿಲ್ಲ ಅಂತ ಸ್ವಲ್ಪ ಜೋರಾಗೇ ಕೇಳಿದೆ. ನಿಮ್ಮಜ್ಜಿಗೆ ಯಾರು ಹೇಳ್ತಾರೆ ಅಂದ್ರು. ಅಜ್ಜಿ ಹೋಗಿ ಆರು ವರ್ಷ ಆಯ್ತು ಅಂದೆ. ಅದಕ್ಕೆ ಮಾತಾಡ್ಲಿಲ್ಲ. ಇದು ನನಗೆ ಇನ್ನೂ ಸರಿ ಅನ್ನಿಸ್ತಿಲ್ಲ, ಗುರುಸ್ವಾಮಿಗಳು ಹೇಳಿದ್ರಲ್ಲ ಕೇಳಿದ್ರೆ ಮಾತ್ರ ಹೇಳ್ತಿದ್ದೆ ಅಂತ, ನಮ್ಮನೇಲೂ ಅದೇ ನಡೆದಿದೆ, ತಂಗಿ ಈಗಲೂ ದೇವತೆಗಳು ಹಚ್ತಾರೆ ಅಂತಲೇ ನಂಬಿದ್ದಾಳೆ.

ಕುಡಿಯೋದು ಬಿಟ್ಟಿದ್ದೂ ಕೇಳಿದೆ. ಮೂರನೇ ವರ್ಷ ಮಾಲೆ ತೆಗೆದು ಬಂದ ದಿನ ಸ್ನೇಹಿತರು ಕಾಯ್ತಿದ್ರಂತೆ. ನಾನು ಆಗ ನಾಲ್ಕೋ ಐದೋ ವರ್ಷದೋನು, ಅಪ್ಪನ್ನ ನೋಡಿ ಅಭ್ಯಾಸಬಲದಿಂದ 'ಸ್ವಾಮಿ ಊಟಕ್ಕೆ ಬನ್ನಿ' ಅಂದ್ನಂತೆ. ಮಾಲೆ ತೆಗ್ದಾಗಿದೆ ಇನ್ನು ಅಪ್ಪ ಅನ್ನು ಅಂತ ಅಮ್ಮ ಹೇಳಿದ್ರೂ ನಾನು ಎರಡು ದಿನ ಸ್ವಾಮಿ ಅಂತಲೇ ಕರೀತಿದ್ನಂತೆ. 'ಆ ಎರಡು ದಿನ ತಡ್ಕೊಂಡೆ, ಆಮೇಲೆ ಇನ್ನೆರಡು ದಿನ' ಅಂದ್ರು. ಅಷ್ಟೇ ಹೇಳಿದ್ದು. ನನಗೆ ಇದ್ಯಾವ್ದೂ ನೆನಪಿಲ್ಲ.

ಲುಬ್ಧಕ ಸರ್, ಇದು ಸಾಕ್ಷಿಯಾ, ಏನಕ್ಕೆ ಸಾಕ್ಷಿ, ನೀವೇ ಹೇಳಿ.

ಲುಬ್ಧಕ

ನೀನು ನಿಮ್ಮಪ್ಪನ್ನ ಸ್ವಾಮಿ ಅಂತ ಕರೆದೆ ಅನ್ನೋದಕ್ಕೆ ಸಾಕ್ಷಿ ಕಣಪ್ಪ. ಅದಕ್ಕಿಂತ ಮುಂದೆ ನಾನು ಎಳೆಯಲ್ಲ.

ಉಷಾ_ನರ್ಸಮ್ಮ

ಓದಿ ಡ್ಯೂಟಿ ರೂಮಲ್ಲಿ ಕೂತಿದ್ದೀನಿ. ತಂಗಿಗೆ ಹೇಳು. ಬೇರೆ ಯಾರೋ ಕಾಲೇಜಲ್ಲಿ ನಕ್ಕು ಹೇಳೋದಕ್ಕಿಂತ ಅಪ್ಪನೇ ಹೇಳೋದು ವಾಸಿ.

ಮಂಡ್ಯ_ಮಂಜ

ಈಗ ಮಾಲೆ ಹಾಕ್ತೀಯೋ ಇಲ್ವೋ ಅದು ಹೇಳು ಗುರು

ಕಲ್ಪತರು_ಹುಡುಗ

ಹಾಕಲ್ಲ. ಅಪ್ಪಂಗೆ ಹೇಳ್ದೆ, ನಂಬ್ದೇ ಹಾಕಿದ್ರೆ ನಾನೂ ನಿಮಗೆ ಟಿವಿ ತೋರಿಸಿದಂಗೆ ಆಗುತ್ತೆ ಅಂತ. ಸ್ವಲ್ಪ ಹೊತ್ತು ಸುಮ್ನಿದ್ರು, ಆಮೇಲೆ 'ಗಾಡಿ ಓಡಿಸ್ತೀಯಾ' ಅಂದ್ರು. ಓಡಿಸ್ತೀನಿ ಅಂದೆ. ಡಿಸೆಂಬರ್ ಮೊದಲ ವಾರ, ತಿಪಟೂರಿಂದ ಪಂಪಾ ಕಡೆಗೆ ನಾನೇ ಡ್ರೈವರ್. ಇರುಮುಡಿ ಇಲ್ದೋರಿಗೆ ಹದಿನೆಂಟು ಮೆಟ್ಟಿಲು ಹತ್ತೋಕೆ ಬಿಡಲ್ಲ, ಉತ್ತರದ ಬಾಗಿಲಿಂದ ಹೋಗ್ಬೇಕು ಅಂತ ಗೊತ್ತು, ನಾನು ಅಲ್ಲಿಂದಲೇ ಬರ್ತೀನಿ.

ಗುರುಸ್ವಾಮಿಗಳೇ ನಿಮಗೆ ಒಂದು ಪ್ರಶ್ನೆ. ಅಪ್ಪಂಗೆ ಮಂಡಿ ನೋವು, ಬೆಟ್ಟ ಹತ್ತುವಾಗ ತಲೆ ಮೇಲೆ ಇರುಮುಡಿ, ಕೈಯಲ್ಲಿ ಸಸಿ ಎರಡೂ ಕಷ್ಟ. ಮಾಲೆ ಹಾಕದೋನು ಸಸಿ ಹೊತ್ಕೊಂಡು ಬರ್ಬೋದಾ?

ಇರುಮುಡಿ_ಗುರುಸ್ವಾಮಿ

ಬರ್ಬೋದು. ಬೇರಿನ ಮಣ್ಣು ಉದುರದಂಗೆ ಗೋಣಿಚೀಲ ಒದ್ದೆ ಮಾಡಿ ಸುತ್ತಿ, ಪಂಪೆಯಲ್ಲಿ ಇನ್ನೊಂದು ಸಲ ನೀರು ಚಿಮುಕಿಸಿ. ಅಪ್ಪಾಚಿಮೇಡು ಏರುವಾಗ ಗರಿ ಜನರ ಕಣ್ಣಿಗೆ ಚುಚ್ಚುತ್ತೆ, ಗರಿ ಮೇಲಕ್ಕೆ ಕಟ್ಕೊಳ್ಳಿ.